ಆಪರೇಷನ್‌ಗೆ ಮುಂಚೆ ಆಡಿದ ಮಾತು

ಬಿಳಿ ಅಂಗಿಯನ್ನು ಹಲ್ಲಪ್ಪನ ಭುಜಕ್ಕೆ ಹಿಡಿದು ಅಳತೆ ನೋಡಿದ ಬಾವ, ತೋಳು ಸ್ವಲ್ಪ ಗಿಡ್ಡವಾಯಿತು, ಆದರೆ ನೀರಿಗಿಳಿದವನ ತೋಳನ್ನು ಯಾರು ನೋಡುತ್ತಾರೆ ಎಂದು ನಕ್ಕರು. ಹಲ್ಲಪ್ಪನಿಗೆ ನಗು ಬರಲಿಲ್ಲ. ಅವನ ಒಂದು ಕೈಯಲ್ಲಿ ಮೇಣದ ದವಡೆ ಇತ್ತು, ಇನ್ನೊಂದರಲ್ಲಿ ಕಾಯಿಸಿದ ಚಾಕು. ಎರಡೂ ಕೈ ಕಟ್ಟಿಹಾಕಿದ ಹೊತ್ತನ್ನೇ ನೋಡಿಕೊಂಡು ಬಂದ ಹಾಗಿತ್ತು ಈ ಮನುಷ್ಯ. ಭಾನುವಾರ ಬೆಳಿಗ್ಗೆ ದೀಕ್ಷಾಸ್ನಾನ, ಸಭೆಯವರೆಲ್ಲ ಕಾಯುತ್ತಿದ್ದಾರೆ, ತಡಮಾಡಬೇಡಿ ಎಂದು ಹೇಳಿ, ಅಂಗಿಯನ್ನು ಮೊಳೆಗೆ ತಗುಲಿಹಾಕಿ, ಬಾವ ಹೊರಟುಹೋದರು.

ಹಲ್ಲಪ್ಪ ಅನ್ನುವುದು ಬೀದಿಯವರು ಇಟ್ಟ ಹೆಸರು. ಡಾಕ್ಟರುಗಳು ಬೊಚ್ಚುಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವನ ಕಸುಬು. ಮನೆಯ ಹಿಂದಿನ ಕೋಣೆಯಲ್ಲಿ ಅವನ ಕೆಲಸ. ಮುಂದಿನ ಕೋಣೆಯಲ್ಲಿ ಕೂತು ಬಂದವರನ್ನು ವಿಚಾರಿಸುವುದು, ಇವತ್ತು ಆಗಲಿಲ್ಲ ನಾಳೆ ಬನ್ನಿ ಎಂದು ಸಾಗಹಾಕುವುದು ಅವನ ಹೆಂಡತಿಯ ಕೆಲಸ. ಅವನು ಯೆಹೂದಿ. ಅವಳು ಕ್ರೈಸ್ತಳು. ಬಾವ ಎಂದರೆ ಅವಳ ಅಣ್ಣ, ಸಭೆಯ ಪಾಸ್ಟರು. ಮದುವೆಯಾದಾಗ ಎರಡೂ ಕಡೆಯವರು ಮುಖ ಊದಿಸಿಕೊಂಡರು. ಮಕ್ಕಳಾಗಲಿಲ್ಲವಾದ್ದರಿಂದ ಯಾರ ದಾರಿಯಲ್ಲಿ ಬೆಳೆಸುವುದು ಎಂಬ ಜಗಳ ಹುಟ್ಟಲಿಲ್ಲ. ಉಳಿದ ಒಂದು ಜಗಳವನ್ನು ಊಟದ ಮೇಜಿಗೆ ತರಬಾರದು ಎಂದು ಗಂಡಹೆಂಡತಿ ಮೊದಲ ವರ್ಷವೇ ಒಪ್ಪಂದ ಮಾಡಿಕೊಂಡಿದ್ದರು.

ಆ ಜಗಳ ಮೆಸ್ಸೀಯನದು, ದೇವರು ಕಳಿಸುತ್ತೇನೆಂದು ಮಾತು ಕೊಟ್ಟ ಉದ್ಧಾರಕನದು. ಅವಳ ಪ್ರಕಾರ ಮೆಸ್ಸೀಯ ಬಂದಾಯಿತು, ಎಲ್ಲರ ಪಾಪಕ್ಕಾಗಿ ಪ್ರಾಣ ಕೊಟ್ಟಾಯಿತು, ಸಾವನ್ನು ಗೆದ್ದು ಎದ್ದಾಯಿತು. ನಂಬಿದವನಿಗೆ ರಕ್ಷಣೆ. ನಂಬದವನ ಗತಿಯನ್ನು ಅವಳು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಗಂಡನ ಮುಖ ನೋಡಿ ನಿಟ್ಟುಸಿರು ಬಿಡುತ್ತಿದ್ದಳು, ಅಷ್ಟೆ. ಅವನ ಪ್ರಕಾರ ಮೆಸ್ಸೀಯ ಇನ್ನೂ ಬರಬೇಕು. ಬಂದಿದ್ದರೆ ಪೇಪರಿನ ತುಂಬ ಯುದ್ಧದ ಸುದ್ದಿ ಯಾಕಿರುತ್ತದೆ? ಬರುವವನು ಮನುಷ್ಯನೇ ಹೊರತು ದೇವರಲ್ಲ. ಲೋಕವನ್ನು ನೆಟ್ಟಗೆ ಮಾಡುವುದು ಅವನ ಕೆಲಸ. ಪಾಪ ಮಾಡಿದವನು ತಾನೇ ದೇವರ ಕಡೆ ತಿರುಗಬೇಕು, ಕೆಡಿಸಿದ್ದನ್ನು ತಾನೇ ಸರಿಮಾಡಬೇಕು. ಇನ್ನೊಬ್ಬರು ಬಂದು ಅದನ್ನು ಹೊರುತ್ತಾರೆ ಅನ್ನುವುದು ಹಲ್ಲಪ್ಪನ ತಲೆಗೆ ಇಳಿಯುವ ಮಾತೇ ಅಲ್ಲ. ಇಬ್ಬರೂ ಕಾಯುವವರೇ. ಆದರೆ ಅವಳು ಹೋದವನು ತಿರುಗಿ ಬರಲಿ ಎಂದು ಕಾಯುತ್ತಿದ್ದಳು, ಇವನು ಇನ್ನೂ ಬಾರದವನಿಗಾಗಿ ಕಾಯುತ್ತಿದ್ದ.

ಒಪ್ಪಂದ ಮುರಿದದ್ದು ಆಸ್ಪತ್ರೆಯಲ್ಲಿ. ಅವಳ ಹೃದಯದ ಒಂದು ವಾಲ್ವ್ ಕೆಟ್ಟಿತ್ತು. ಆಪರೇಷನ್ ಮಾಡದಿದ್ದರೆ ಉಳಿಯುವುದಿಲ್ಲ, ಮಾಡಿದರೆ ಉಳಿಯಬಹುದು ಎಂದು ಡಾಕ್ಟರು ಕೈಚೆಲ್ಲಿದವರ ಹಾಗೆ ಹೇಳಿದ್ದರು. ಹಸಿರು ಗೌನು ತೊಡಿಸಿ ಅವಳನ್ನು ಸ್ಟ್ರೆಚರ್ ಮೇಲೆ ಮಲಗಿಸಿದ ಮೇಲೆ ಅವಳು ಗಂಡನ ಮಣಿಕಟ್ಟು ಹಿಡಿದುಕೊಂಡಳು.

“ರೀ, ಒಂದೇ ಒಂದು ಸಲ ಹೇಳಿ. ಯೇಸುವೇ ಮೆಸ್ಸೀಯ, ಅವನೇ ನನ್ನ ರಕ್ಷಕ ಅಂತ. ನೀವೂ ಸ್ವರ್ಗಕ್ಕೆ ಬರ್ತೀರಿ ಅಂತ ಗೊತ್ತಾದ್ರೆ ಧೈರ್ಯವಾಗಿ ಒಳಗೆ ಹೋಗ್ತೀನಿ.”

ನರ್ಸು ಬಂದು ನೋಡಿ, ಇವರು ತುಂಬ ಹೆದರಿದ್ದಾರೆ, ಬಿ.ಪಿ. ಏರಿಬಿಟ್ಟಿದೆ, ಹೀಗಾದರೆ ಕಷ್ಟ, ಏನಾದರೂ ಸಮಾಧಾನ ಹೇಳಿ ಎಂದು ಗದರಿದಳು. ಹಲ್ಲಪ್ಪನ ತಲೆಯಲ್ಲಿ ಹಿರಿಯರು ಕಲಿಸಿದ ನಿಯಮ ಗಿರಗಿರನೆ ತಿರುಗಿತು. ಜೀವ ಉಳಿಸುವುದಕ್ಕೆ ಸಬ್ಬತ್ತಿನ ದಿನದ ವಿಶ್ರಾಂತಿಯನ್ನು ಮುರಿಯಬಹುದು, ಉಪವಾಸ ಮುರಿಯಬಹುದು, ತಿನ್ನಬಾರದ್ದನ್ನು ತಿನ್ನಬಹುದು. ಆದರೆ ಕೆಲವು ಸಂಗತಿಗಳನ್ನು ಪ್ರಾಣ ಹೋದರೂ ಮಾಡುವ ಹಾಗಿಲ್ಲ, ಅದರಲ್ಲಿ ಬೇರೆ ದೇವರಿಗೆ ತಲೆಬಾಗುವುದೂ ಒಂದು. ಇದೇ ಮಾತನ್ನು ಹೇಳಲೊಲ್ಲದೆ ಅವನ ಹಿಂದಿನವರು ಬೆಂಕಿಗೆ ಬಿದ್ದಿದ್ದರು, ಊರು ಬಿಟ್ಟಿದ್ದರು. ಆದರೆ ಅವರೆಲ್ಲ ತಮ್ಮ ಪ್ರಾಣ ಕೊಟ್ಟವರು. ಇಲ್ಲಿ ಹೋಗುವುದು ಹೆಂಡತಿಯ ಪ್ರಾಣ. ಹಲ್ಲು ಕಚ್ಚಿಕೊಂಡು ಹೇಳಿಬಿಟ್ಟ. ಅವಳ ಹಿಡಿತ ಸಡಿಲವಾಯಿತು, ಮುಖದಲ್ಲಿ ಕಳೆ ಬಂತು, ಸ್ಟ್ರೆಚರ್ ಒಳಗೆ ಹೋಯಿತು.

ಅವಳು ಬದುಕಿದಳು. ದೇವರು ದೊಡ್ಡವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಮೂಗಿನ ನಳಿಗೆ ತೆಗೆದ ತಕ್ಷಣ ಅವಳು ಮಾಡಿದ ಮೊದಲ ಕೆಲಸವೆಂದರೆ ಅಣ್ಣನಿಗೆ ಈ ವಿಷಯ ಹೇಳಿದ್ದು. ಅಣ್ಣ ಸಭೆಗೆ ಹೇಳಿದರು. ಇಷ್ಟು ವರ್ಷ ಹಲ್ಲಪ್ಪನನ್ನು ಕಂಡರೆ ಹವಾಮಾನದ ಮಾತು ಮಾತ್ರ ಆಡುತ್ತಿದ್ದ ಹೆಂಗಸರು ಮನೆಗೆ ಬಂದು ಅವನ ಕೈಕುಲುಕಿ ಕಣ್ಣು ಒರೆಸಿಕೊಂಡರು. ಅವನಿಗೆ ಅದು ಬಾಯಿಯಲ್ಲಿಟ್ಟ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ.

ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಳ್ಳುತ್ತಲೇ ಒಂದು ತಿಂಗಳು ಕಳೆಯಿತು. ಮೊದಲು ಹೊಲಿಗೆ ಒಣಗಲಿ ಎಂದ, ಆಮೇಲೆ ಅವಳು ನಾಲ್ಕು ಹೆಜ್ಜೆ ನಡೆಯಲಿ ಎಂದ. ಅಷ್ಟರಲ್ಲಿ ಅವಳು ನಡೆಯುವುದೇನು, ಪಾತ್ರೆ ತೊಳೆಯುತ್ತ ಹಾಡತೊಡಗಿದ್ದಳು. ಆ ನಿಟ್ಟುಸಿರು ನಿಂತುಹೋಗಿತ್ತು. ಅಲ್ಲಿಗೆ ಹೋದ ಮೇಲೂ ನಿಮ್ಮ ಗೊರಕೆ ತಪ್ಪಿದ್ದಲ್ಲವಲ್ಲ ಎಂದು ಕೀಟಲೆ ಮಾಡುತ್ತಿದ್ದಳು. ಅವಳು ಹಾಗೆ ಖುಷಿಯಾಗಿದ್ದಷ್ಟೂ ಹಲ್ಲಪ್ಪನಿಗೆ ಮೈ ಉರಿಯುತ್ತಿತ್ತು. ಇವಳ ಸಂತೋಷವೆಲ್ಲ ನಾನು ನಾನಲ್ಲ ಎನ್ನುವುದರ ಮೇಲೆ ನಿಂತಿದೆಯಲ್ಲ ಎಂದು ಅವನ ಸಂಕಟ. ಇತ್ತ ಯೆಹೂದಿಗಳ ಪ್ರಾರ್ಥನಾ ಮಂದಿರದ ಮುದುಕರು ಫೋನು ಮಾಡಿ, ಹತ್ತು ಜನ ಸೇರದೆ ಪ್ರಾರ್ಥನೆ ನಡೆಯುವುದಿಲ್ಲ, ಒಬ್ಬ ಕಮ್ಮಿ ಬಿದ್ದಿದ್ದಾನೆ, ಬಾರಪ್ಪ ಎಂದು ಕರೆಯುತ್ತಿದ್ದರು. ಆ ಹತ್ತರಲ್ಲಿ ನಿಲ್ಲುವ ಮುಖ ಅವನಿಗೆ ಇರಲಿಲ್ಲ. ಬೆನ್ನುನೋವು ಎಂದು ಸುಳ್ಳು ಹೇಳಿದ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಜೊತೆಯಾಯಿತು. ಯಾರದೋ ಬಾಯಿಗೆ ಸೊಟ್ಟಗೆ ಹಲ್ಲು ಕೂರಿಸಿ ಬೈಸಿಕೊಂಡದ್ದೂ ಆಯಿತು.

ಬಾವ ಹೋದ ಮೇಲೆ ಹೆಂಡತಿ ಹಿಂದಿನ ಕೋಣೆಗೆ ಬಂದು, ಮೊಳೆಯ ಮೇಲಿನ ಅಂಗಿಯ ಸುಕ್ಕನ್ನು ಅಂಗೈಯಿಂದ ಸವರಿದಳು. ತೋಳಿಗೆ ಸ್ವಲ್ಪ ಬಟ್ಟೆ ಸೇರಿಸಿದರೆ ಸರಿಹೋಗುತ್ತದೆ ಎಂದಳು. ಹಲ್ಲಪ್ಪ ಮೇಣ ಕರಗಿಸುವ ದೀಪ ಆರಿಸಿ ಚಾಕು ಕೆಳಗಿಟ್ಟ.

“ನಾನು ನೀರಿಗೆ ಇಳಿಯೋಲ್ಲ ಕಣೇ.”

ಜನರ ಮುಂದೆ ನಾಚಿಕೆಯಾಗುತ್ತದೇನೋ ಎಂದುಕೊಂಡಳು ಪಾಪ. ಅಣ್ಣನಿಗೆ ಹೇಳಿದರೆ ಮನೆಯವರಷ್ಟೇ ಇದ್ದು ಮುಗಿಸಬಹುದು ಎಂದಳು.

“ನಾಚಿಕೆಯಲ್ಲ. ಅವತ್ತು ಹೇಳಿದ್ದು ಸುಳ್ಳು. ನೀನು ಉಳೀಲಿ ಅಂತ ಹೇಳಿದೆ.”

ಅವಳು ಸ್ಟೂಲಿನ ಮೇಲೆ ಕೂತಳು. ಕೈ ತಾನೇ ತಾನಾಗಿ ಎದೆಯ ಹೊಲಿಗೆಯ ಮೇಲೆ ಹೋಯಿತು. ಹಲ್ಲಪ್ಪ ಎದ್ದು ನೀರು ತರಲು ಹೋದರೆ ಬೇಡವೆಂದು ತಲೆಯಾಡಿಸಿದಳು. ಅವಳು ಅತ್ತಿದ್ದರೆ ಅವನೂ ಮೆತ್ತಗಾಗುತ್ತಿದ್ದನೋ ಏನೋ. ಅವಳು ಅಳಲಿಲ್ಲ, ಹಳೆಯ ನಿಟ್ಟುಸಿರನ್ನು ಬಿಟ್ಟಳು. ಅದನ್ನು ಕೇಳಿದ್ದೇ ತಡ, ಇಷ್ಟು ವರ್ಷ ಕಟ್ಟಿಟ್ಟದ್ದೆಲ್ಲ ಅವನ ಬಾಯಿಂದ ಹೊರಬಿತ್ತು.

“ಒಳ್ಳೆಯವರು ಯಾವ ಜನದವರೇ ಆಗ್ಲಿ, ಬರೋ ಲೋಕದಲ್ಲಿ ಅವರಿಗೂ ಪಾಲಿದೆ ಅಂತ ನಮ್ಮ ಹಿರಿಯರು ಹೇಳಿದ್ದಾರೆ. ನನ್ನ ಲೆಕ್ಕದಲ್ಲಿ ನಿನಗೆ ಜಾಗ ಇದೆ. ಅದಕ್ಕೆ ನೀನು ಏನನ್ನೂ ಬಿಡಬೇಕಾಗಿಲ್ಲ. ನಿನ್ನ ಲೆಕ್ಕದಲ್ಲಿ ನನಗೆ ಜಾಗ ಇಲ್ಲ. ಇವನು ನರಕದಲ್ಲಿ ಸುಟ್ಟುಹೋಗೋನು ಅಂದ್ಕೊಂಡೇ ದಿನಾ ನನಗೆ ಊಟ ಬಡಿಸಿದ್ದೀಯಲ್ಲ, ಅದನ್ನ ತಿನ್ನೋನಿಗೆ ಹೇಗಿರುತ್ತೆ ಅಂತ ಒಂದು ದಿನವಾದ್ರೂ ಯೋಚನೆ ಮಾಡಿದ್ಯಾ?”

ಬೀದಿಯಲ್ಲಿ ಯಾರೋ ಗಾಡಿ ನಿಲ್ಲಿಸಿ ಹಾರನ್ ಹೊಡೆದು ಹೊರಟುಹೋದರು.

“ನಿಮ್ಮ ಮೆಸ್ಸೀಯ ಬಂದು, ನಾನು ನಂಬಿದ್ದು ತಪ್ಪು ಅಂತ ಆದ್ರೆ, ನನಗೇನಾಗುತ್ತೆ?” ಎಂದು ಕೇಳಿದಳು.

“ಏನೂ ಆಗೋಲ್ಲ.”

“ಅದಕ್ಕೇ ನಿಮಗೆ ನಿದ್ದೆ ಬರುತ್ತೆ,” ಎಂದಳು. “ನಾನು ಮದುವೆಯಾದಾಗಿಂದ ಹೆದರ್ತಾನೇ ಇದ್ದೀನಿ. ನೀವು ಸ್ವಲ್ಪ ಕೆಮ್ಮಿದ್ರೂ ಹೆದರಿಕೆ, ಪೇಟೆಯಿಂದ ಬರೋದು ತಡವಾದ್ರೂ ಹೆದರಿಕೆ. ಈ ಒಂದು ತಿಂಗಳು ಅದು ಇರ್ಲಿಲ್ಲ.”

ಆ ನಿಟ್ಟುಸಿರು ತನ್ನನ್ನು ದೂರುವ ದೂರು ಎಂದೇ ಹಲ್ಲಪ್ಪ ಇಷ್ಟು ಕಾಲ ತಿಳಿದಿದ್ದ. ಹಾಗೆಂದು ಸಿಟ್ಟು ಇಳಿಯಿತೇ? ಇಳಿಯಲಿಲ್ಲ. ಇಲ್ಲದ ಬೆಂಕಿಗೆ ಹೆದರು ಎಂದು ಇವಳಿಗೆ ಯಾರು ಹೇಳಿದರು, ಹೇಳಿದವರ ಕೊರಳು ಹಿಡಿಯಬೇಕು ಅನ್ನಿಸಿತು. ಸಮಾಧಾನ ಮಾಡೋಣವೆಂದರೆ ಅವಳಿಗೆ ಸಮಾಧಾನ ಕೊಡುವ ಮಾತು ಲೋಕದಲ್ಲಿ ಒಂದೇ ಒಂದಿತ್ತು, ಅದನ್ನೇ ಅವನು ಈಗ ವಾಪಸು ತೆಗೆದುಕೊಂಡಿದ್ದ.

ಅವಳು ಎದ್ದು ಮುಂದಿನ ಕೋಣೆಗೆ ಹೋದಳು. ಅಣ್ಣನಿಗೆ ಫೋನು ಮಾಡುವುದು ಕೇಳಿಸಿತು. ಭಾನುವಾರ ಬೇಡ, ಮುಂದಿನ ಭಾನುವಾರವೂ ಬೇಡ, ಇವರು ಹೇಗಿದ್ದಾರೋ ಹಾಗೇ ಇರುತ್ತಾರೆ ಎಂದಳು. ಆ ಕಡೆಯಿಂದ ಬಾವ ಬಹಳ ಹೊತ್ತು ಮಾತಾಡಿದರು. ಪಾಸ್ಟರ ಗಂಟಲು ದೊಡ್ಡದು, ಬಾಗಿಲಿಗೆ ಬಂದು ನಿಂತ ಹಲ್ಲಪ್ಪನಿಗೂ ಕೊನೆಯ ಪ್ರಶ್ನೆ ಕೇಳಿಸಿತು. ಹಾಗಾದರೆ ಅವನ ಆತ್ಮಕ್ಕೆ ಯಾರು ಹೊಣೆ ತಂಗಿ ಎಂದು ಅವರು ಕೇಳುತ್ತಿದ್ದರು.

“ಅದನ್ನ ನೀನು ತಲೆಗೆ ಹಚ್ಕೋಬೇಡ ಅಣ್ಣ,” ಎಂದಳು ಅವಳು. “ಈ ವಾಲ್ವ್ ಇಟ್ಕೊಂಡು ಇವರಿಗಿಂತ ಮುಂಚೆ ಹೋಗೋಳು ನಾನೇ. ಇವರನ್ನ ಒಳಗೆ ಬಿಡೋ ತನಕ ನಾನೂ ಒಳಗೆ ಬರೋಲ್ಲ, ಬಾಗಿಲ ಹೊರಗೇ ಕೂತಿರ್ತೀನಿ ಅಂತ ಯೇಸುವಿಗೆ ನಾನೇ ಹೇಳ್ತೀನಿ.”

ಅವಳು ಫೋನು ಇಟ್ಟಳು. ಅವಳು ಹಟಕ್ಕೋ ತಮಾಷೆಗೋ ಆಡಿದ ಮಾತಲ್ಲ ಅದು. ಆ ಬಾಗಿಲು ಇರುವುದು ನಿಜ, ಒಳಗೆ ಹೋಗದವರ ಗತಿಯೂ ನಿಜ ಎಂದು ನಂಬಿದವಳು, ಅಷ್ಟೂ ಗೊತ್ತಿದ್ದೇ ಹಾಗೆ ಹೇಳಿದ್ದಳು. ತಾನು ಎಂದೂ ನಂಬದ ಆ ಬಾಗಿಲ ಮುಂದೆ ಇವಳು ಒಬ್ಬಳೇ ಕೂತಿರುವುದು ಕಣ್ಣಿಗೆ ಕಟ್ಟಿ, ಹಲ್ಲಪ್ಪನಿಗೆ ಹಿಂದೆಂದೂ ಆಗದ ಭಯವಾಯಿತು.

“ಹಾಗೆಲ್ಲ ಅನ್ನಬೇಡ ಕಣೇ,” ಎಂದ. “ನೀನು ಒಳಗೆ ಹೋಗು.”