ಫ್ಯಾನ್ ಹಗ್ಗ, ಕುಕ್ಕರ್ ಹಗ್ಗ

ಹೆಜಮಾಡಿಯ ಕಡಲತೀರದಲ್ಲಿ ಬೆಳಗಿನ ಚಹಾ ಮುಗಿದು ಬಲೆ ಎಳೆಯುವ ಹೊತ್ತಾಗಿತ್ತು. ಶೇಖರ ಎಂದಿನಂತೆ ಮರಳ ದಿಬ್ಬದ ಮೇಲೆ ನಿಂತು ಹೆಗಲ ಮೇಲೆ ಟವೆಲಿನಂತೆ ಹಾಕಿಕೊಂಡಿದ್ದ ಕೆಂಪು ಬೈರಾಸನ್ನು ಕೈಗೆ ತೆಗೆದುಕೊಂಡ. ದೋಣಿಯವರು ಕಡಲಿನಲ್ಲಿ ಕೈರಂಪಣಿ ಬಲೆಯನ್ನು ಬಿಲ್ಲಿನಂತೆ ಬಾಗಿಸಿ ಬಿಟ್ಟು ಬಂದಿದ್ದರು. ಅದರ ಒಂದು ತುದಿಯ ಹಗ್ಗ ಬಡಗು ದಿಕ್ಕಿನವರ ಕೈಯಲ್ಲಿ, ಇನ್ನೊಂದು ತೆಂಕು ದಿಕ್ಕಿನವರ ಕೈಯಲ್ಲಿ. ಎರಡು ಸಾಲಿನವರೂ ಒಂದೇ ಹದದಲ್ಲಿ ಎಳೆಯುತ್ತಾ, ಎಳೆದಂತೆಲ್ಲ ಒಬ್ಬರಿಗೊಬ್ಬರು ಹತ್ತಿರವಾಗುತ್ತಾ ಬಂದರೆ ನಡುವಿನ ಚೀಲದಲ್ಲಿ ಮೀನು ಕೂತು ದಡ ಸೇರುತ್ತದೆ. ಒಂದು ಕಡೆಯವರು ಅವಸರ ಮಾಡಿದರೆ ಬಲೆ ಓರೆಯಾಗಿ ಮೀನು ತನ್ನ ದಾರಿ ನೋಡಿಕೊಳ್ಳುತ್ತದೆ. ಯಾರು ಬಿಗಿಯಬೇಕು, ಯಾರು ಸಡಿಲ ಬಿಡಬೇಕು ಎಂದು ನಡುವೆ ನಿಂತು ಬೈರಾಸು ಬೀಸಿ ಹೇಳುವವನೇ ತಂಡೇಲ. ಶೇಖರನ ಅಪ್ಪ ಈ ಬಲೆಯ ತಂಡೇಲನಾಗಿದ್ದ. ಈಗ ಶೇಖರ.

ಅವನು ತೆಂಕಿನವರ ಕಡೆ ತಿರುಗಿ, ನಿಧಾನ ಎಂದು ಬೈರಾಸು ಬೀಸಿದ. ತೆಂಕಿನವರು ಅದೇ ಗಳಿಗೆಯಲ್ಲಿ ಆಕಾಶ ನೋಡತೊಡಗಿದರು. ಆಮೇಲೆ ಆ ಸಾಲಿನ ಕೊನೆಯಲ್ಲಿದ್ದ ವಾಮನ ಸೊಂಟದಿಂದ ಒಂದು ನೀಲಿ ಬೈರಾಸು ಎಳೆದು, ಎಳೆಯಿರಿ ಎಂದು ಬೀಸಿದ. ಒಂದು ಬಲೆಗೆ ಎರಡು ಬೈರಾಸು! ತೆಂಕಿನವರು ಎಳೆದರೆಂದು ಬಡಗಿನವರೂ ಎಳೆದರು. ಬಡಗಿನವರು ಎಳೆದರೆಂದು ತೆಂಕಿನವರು ಇನ್ನಷ್ಟು ಎಳೆದರು. ಕೊನೆಗೆ ಬಲೆ ಸೊಟ್ಟಗೆ ದಡಕ್ಕೆ ಬಂದಾಗ ಚೀಲದಲ್ಲಿದ್ದದ್ದು ಒಂದಷ್ಟು ಏಡಿ ಮತ್ತು ಯಾರದೋ ಒಂಟಿ ಚಪ್ಪಲಿ. ಮೇಲೆ ಸುತ್ತುತ್ತಿದ್ದ ಗಿಡುಗಗಳೂ ಬೇಸರಪಟ್ಟು ಪಕ್ಕದ ಊರಿನವರ ಬಲೆಯ ಕಡೆ ಹೋದವು.

ಇದೆಲ್ಲ ಶುರುವಾದದ್ದು ಪಂಚಾಯತ್ ಚುನಾವಣೆಯಿಂದ. ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷ ಇರಬಾರದು ಎನ್ನುವುದು ಕಾನೂನು. ಊರಿನವರು ಕಾನೂನಿಗೆ ಬಹಳ ಮರ್ಯಾದೆ ಕೊಟ್ಟು, ಪಕ್ಷದ ಹೆಸರನ್ನು ಮಾತ್ರ ಬಿಟ್ಟು ಉಳಿದ ಜಗಳವನ್ನೆಲ್ಲ ಇಟ್ಟುಕೊಂಡರು. ಆ ವಾರ್ಡು ಮಹಿಳೆಯರಿಗೆ ಮೀಸಲಾಗಿತ್ತು. ಒಂದು ಕಡೆಯಿಂದ ಶೇಖರನ ಹೆಂಡತಿ ಅಕ್ಕು ನಿಂತಳು. ಅವಳಿಗೆ ಸಿಕ್ಕಿದ ಚಿಹ್ನೆ ಸೀಲಿಂಗ್ ಫ್ಯಾನ್. ಇನ್ನೊಂದು ಕಡೆಯಿಂದ ವಾಮನನ ಹೆಂಡತಿ ಜಲಜ, ಅವಳದ್ದು ಕುಕ್ಕರ್. ಕೆಲವೇ ಓಟುಗಳ ಅಂತರದಲ್ಲಿ ಕುಕ್ಕರ್ ಗೆದ್ದಿತು. ಮಾರನೆಯ ದಿನದಿಂದ ಬಡಗಿನದು ಫ್ಯಾನ್ ಹಗ್ಗ, ತೆಂಕಿನದು ಕುಕ್ಕರ್ ಹಗ್ಗ ಎಂದಾಯಿತು. ಅದುವರೆಗೆ ಬಂದವರು ಕೈಗೆ ಸಿಕ್ಕಿದ ಹಗ್ಗ ಹಿಡಿಯುತ್ತಿದ್ದರು. ಈಗ ತಪ್ಪಿ ಆ ಕಡೆಯ ಹಗ್ಗ ಮುಟ್ಟಿದವನನ್ನು ಪಕ್ಷಾಂತರಿ ಎಂದು ವಾಟ್ಸಾಪ್ ಗುಂಪಿನಿಂದ ತೆಗೆದುಹಾಕುತ್ತಿದ್ದರು.

ಹೆಚ್ಚು ಫಜೀತಿಯಾದದ್ದು ಬಾದಾಮಿ ಕಡೆಯಿಂದ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆಸಿದ ಕರಿಬಸವನಿಗೆ. ಅವನು ಯಾವ ಕಡೆ ಎಂದು ಎರಡೂ ಸಾಲಿನವರು ವಿಚಾರಣೆ ಮಾಡಿದರು. "ನಂದು ಓಟು ಊರಾಗ ಐತ್ರಿ, ಇಲ್ಲಿ ಬರೇ ಎರಡು ಕೈ ಅದಾವು" ಎಂದು ಅವನು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. ಪಾಪ, ಅವನು ಒಂದು ದಿನ ಆ ಹಗ್ಗ, ಒಂದು ದಿನ ಈ ಹಗ್ಗ ಎಳೆದು ಎರಡೂ ಕಡೆ ಬೈಸಿಕೊಳ್ಳುತ್ತಿದ್ದ.

ಆದರೆ ಚುನಾವಣೆಗೆ ನಿಂತ ಇಬ್ಬರು ಹೆಂಗಸರಿಗೆ ಮಾತ್ರ ಈ ಯಾವ ವಿಷಯವೂ ತಿಳಿದಂತೆ ಕಾಣಲಿಲ್ಲ. ಅಕ್ಕು ಮತ್ತು ಜಲಜ ಮೊದಲಿನಂತೆಯೇ ಒಂದೇ ರಿಕ್ಷಾದಲ್ಲಿ ಬುಟ್ಟಿ ಇಟ್ಟುಕೊಂಡು ಕಾಪು ಮಾರ್ಕೆಟ್ಟಿಗೆ ಹೋಗುತ್ತಿದ್ದರು, ಪಕ್ಕಪಕ್ಕದಲ್ಲಿ ಕೂತು ಮೀನು ಮಾರುತ್ತಿದ್ದರು, ಒಂದೇ ಬನ್ಸ್ ಹಂಚಿ ತಿನ್ನುತ್ತಿದ್ದರು. ತನ್ನ ಓಟನ್ನು ಯಾರಿಗೆ ಹಾಕಿದ್ದೆಂದು ಅಕ್ಕು ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ಶೇಖರನಿಗೆ ಆ ಅನುಮಾನವೂ ಒಂದು ಮೂಲೆಯಲ್ಲಿ ಕೊರೆಯುತ್ತಿತ್ತು.

ಶೇಖರ ಕೆಟ್ಟವನಲ್ಲ. ಹಬ್ಬಗಳ ಮುಂಚೆ ಪೊಲೀಸರು ಕರೆಯುವ ಶಾಂತಿ ಸಭೆಗೆ ಊರಿನಿಂದ ಹೋಗುವವನೇ ಅವನು. ಪ್ರತಿ ಸಲವೂ ಎದ್ದು ನಿಂತು, ನಮ್ಮ ಊರು ಸೌಹಾರ್ದಕ್ಕೆ ಹೆಸರಾದದ್ದು, ಇಲ್ಲಿ ಇರುವೆಗೂ ಇರುವೆಗೂ ಜಗಳವಿಲ್ಲ ಎಂದು ಹೇಳಿ, ಚಪ್ಪಾಳೆ ತೆಗೆದುಕೊಂಡು, ಚಹಾ ಅಂಬಡೆ ಮುಗಿಸಿ ಬರುತ್ತಿದ್ದ. ಈಚೆಗೆ ನಡೆದ ಸಭೆಗೂ ಹೋಗಿದ್ದ. ಅಲ್ಲಿ ವಾಮನ ಬಂದಿದ್ದಾನೆಂದು ಗೊತ್ತಾದ ಕೂಡಲೇ ಕುರ್ಚಿ ಬದಲಾಯಿಸಿ ಕೂತು, ಅದೇ ಭಾಷಣ ಮಾಡಿದ.

ಅವನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದು ಸೋಲಲ್ಲ, ಪಟಾಕಿ. ಫಲಿತಾಂಶದ ಸಂಜೆ ಕುಕ್ಕರಿನ ಹುಡುಗರು ಮಾಲೆ ಪಟಾಕಿ ತಂದು, ಇಡೀ ಊರು ಬಿಟ್ಟು ಸರಿಯಾಗಿ ಅವನ ಗೇಟಿನ ಎದುರು ಹಚ್ಚಿದ್ದರು. ಶೇಖರ ಮುಸುಕು ಹಾಕಿ ಮಲಗಿ ಕೊನೆಯ ಢಂ ವರೆಗೂ ಕೇಳಿಸಿಕೊಂಡ. ವಾಮನ ಅವನ ಬಾಲ್ಯದ ಗೆಳೆಯ. ಇಬ್ಬರೂ ಒಂದೇ ದೋಣಿಯಲ್ಲಿ ವಾಂತಿ ಮಾಡಿಕೊಂಡು ಕಡಲು ಕಲಿತವರು. ಅಂಥವನು ಹೀಗೆ ಮಾಡಬಹುದೇ? ಒಂದು ಮಾತು, ತಪ್ಪಾಯಿತು ಎಂದು ಹೇಳಲಿ. ಅದುವರೆಗೆ ಅವನ ಮುಖ ನೋಡುವುದಿಲ್ಲ ಎಂದು ಶೇಖರ ಮನಸ್ಸಿನಲ್ಲೇ ಶಪಥ ಮಾಡಿದ. ವಾಮನನೂ ತಪ್ಪಾಯಿತು ಎನ್ನಲಿಲ್ಲ, ಬಲೆಯೂ ನೆಟ್ಟಗೆ ದಡಕ್ಕೆ ಬರಲಿಲ್ಲ.

ಒಂಟಿ ಚಪ್ಪಲಿ ಸಿಕ್ಕಿದ ದಿನವೇ ಎರಡೂ ಕಡೆಯವರು ತೀರ್ಮಾನಕ್ಕೆ ಬಂದರು. ಬಲೆಯನ್ನು ನಡುವಿಗೆ ಕತ್ತರಿಸಿ ಆ ಕಡೆಗೆ ಅರ್ಧ, ಈ ಕಡೆಗೆ ಅರ್ಧ ಪಾಲು ಮಾಡುವುದು. ಬರುವ ಭಾನುವಾರ ಬಲೆಯ ಚಪ್ಪರದ ಎದುರು ಎಲ್ಲರೂ ಸೇರಬೇಕು. ಕತ್ತರಿಸುವ ಕೆಲಸ ತಂಡೇಲನದ್ದು.

ಆ ವಾರ ಶೇಖರನಿಗೆ ಅನ್ನ ಸೇರಲಿಲ್ಲ. ಅರ್ಧ ಬಲೆಯಲ್ಲಿ ಏನೂ ಸಿಗುವುದಿಲ್ಲವೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ಮನೆಗಳ ಅನ್ನದ ಬಲೆ ಅದು. ಅಪ್ಪ ನೇಯಿಸಿ, ತಾನು ಪ್ರತಿ ಮಳೆಗಾಲದಲ್ಲಿ ಕೂತು ಹೊಲಿದು, ವಾಮನ ಎದುರು ಕೂತು ಸೂಜಿಗೆ ದಾರ ಸುತ್ತಿ ಕೊಟ್ಟ ಬಲೆ. ಅದು ಉಳಿಯಬೇಕೆಂದು ಅವನ ಜೀವ ಬಯಸುತ್ತಿತ್ತು. ಆದರೆ ಮೊದಲು ವಾಮನ ಬಾಯಿ ಬಿಡಲಿ.

ಭಾನುವಾರ ಬಂತು. ವಾಮನನ ಮನೆಗೆ ತಾಗಿಕೊಂಡಿರುವ ತೆಂಗಿನ ಮಡಲು ಹೊದಿಸಿದ ಚಪ್ಪರದಿಂದ ಬಲೆಯನ್ನು ಹೊರಗೆ ತಂದು ಮರಳಿನ ಮೇಲೆ ಹಾಸಿದರು. ಫ್ಯಾನಿನವರು ಬಡಗಿಗೆ, ಕುಕ್ಕರಿನವರು ತೆಂಕಿಗೆ ನಿಂತರು. ಕರಿಬಸವ ಅಂಜಿಕೊಂಡು ನಡುವೆ ಕೂತ. ಶೇಖರ ಚೂರಿ ಹಿಡಿದು ಬಂದ. ಆಗ ಒಂದು ಹೊಸ ತೊಡಕು ಎದುರಾಯಿತು. ಬಲೆಯನ್ನು ಅರ್ಧ ಮಾಡಬಹುದು, ಆದರೆ ಮೀನು ಕೂರುವ ಚೀಲ ಇರುವುದು ಒಂದೇ, ಅದೂ ಸರಿಯಾಗಿ ನಡುವಿನಲ್ಲಿ. ಅದು ಯಾರಿಗೆ?

ಫ್ಯಾನ್ ಕಡೆಯ ಸುಕೇಶ್, ಚೀಲ ತಂಡೇಲನ ಕಡೆಗೆ ಸೇರಬೇಕು ಎಂದ. ಕುಕ್ಕರ್ ಕಡೆಯ ಹರ್ಷಿತ್, ಗೆದ್ದವರಿಗೆ ಸೇರಬೇಕು, ಪ್ರಜಾಪ್ರಭುತ್ವ ಎಂದರೆ ಅದೇ ಎಂದ. ಹಾಗಾದರೆ ಚೀಲವನ್ನೂ ಅರ್ಧ ಮಾಡುವುದು ಎಂದು ಇಬ್ಬರೂ ಒಪ್ಪಿದರು. ಚುನಾವಣೆಯ ನಂತರ ಎರಡು ಕಡೆಯವರು ಒಪ್ಪಿದ ಮೊದಲ ಮಾತು ಅದು. ಎರಡು ಹರಕು ಬಟ್ಟೆಯಂತಾಗುವ ಆ ಚೀಲದಲ್ಲಿ ಏನು ಹಿಡಿಯುವುದೆಂದು ಯಾರೂ ಕೇಳಲಿಲ್ಲ.

ಶೇಖರ ಚೂರಿ ಬಿಚ್ಚಿ ಬಗ್ಗಿದ. ಬಗ್ಗಿದವನಿಗೆ ತಡೆಯಲಾಗಲಿಲ್ಲ. ತಲೆ ಎತ್ತದೆಯೇ, ಬಲೆಗೆ ಹೇಳುವಂತೆ ಹೇಳಿದ:

"ಅಷ್ಟು ದೊಡ್ಡ ಊರುಂಟು. ನನ್ನ ಗೇಟೇ ಬೇಕಿತ್ತಾ ಪಟಾಕಿಗೆ?"

ವಾಮನನೂ ಬಲೆಯನ್ನೇ ನೋಡುತ್ತಾ ಹೇಳಿದ: "ಮತ್ತೆ ಎಲ್ಲಿ ಹಚ್ಚುದು? ಹುಡುಗರು ನನ್ನ ಮನೆ ಎದುರು ಹಚ್ಚಲಿಕ್ಕೆ ಹೊರಟಿದ್ದರು. ಪಕ್ಕದಲ್ಲಿ ಚಪ್ಪರ, ಮೇಲೆ ಒಣ ಮಡಲು, ಒಳಗೆ ಈ ಬಲೆ. ಒಂದು ಕಿಡಿ ಸಾಕು ಮಾರಾಯ, ನಿನ್ನ ಅಪ್ಪ ಮಾಡಿಸಿದ್ದು ಬೂದಿ. ಬೇಲಿ ಮಡಲು ಇಲ್ಲದೆ ಕಾಂಕ್ರೀಟ್ ಇರುದು ನಿನ್ನ ಗೇಟಿನ ಹತ್ತಿರ ಮಾತ್ರ. ಅದಕ್ಕೆ ನಾನೇ ಅಲ್ಲಿಗೆ ಓಡಿಸಿದ್ದು."

ಶೇಖರ ತಲೆ ಎತ್ತಿದ. "ಇದನ್ನು ಆವತ್ತೇ ಹೇಳಲಿಕ್ಕೆ ಎಂತ ಆಗಿತ್ತು ನಿನಗೆ?"

"ನೀನು ಕೇಳಿದೆಯಾ? ಮರುದಿನ ಎದುರು ಸಿಕ್ಕಿದರೆ ತೆಂಗಿನ ಮರ ನೋಡಿಕೊಂಡು ಹೋದೆ. ಊರಿಡೀ ಬಂದು ಜಲಜನಿಗೆ ಒಳ್ಳೆಯದಾಗಲಿ ಎಂದು ಹೇಳಿತು, ನೀನೊಬ್ಬ ಬರಲಿಲ್ಲ. ನಿನಗೆ ಅಂತ ಒಂದು ಲೋಟ ಪಾಯಸ ಮುಚ್ಚಿಟ್ಟಿದ್ದೆವು. ಹುಳಿಯಾಯಿತು."

ಆದರೂ ಶೇಖರನದ್ದು ಸೋಲು ಒಪ್ಪುವ ಬಾಯಿಯಲ್ಲ. ಪಾಯಸದ ವಿಷಯ ಹಾಗಿರಲಿ, ಸೋತವರ ಗೇಟಿನ ಎದುರು ಹಚ್ಚುವಾಗ ಒಂದು ಮಾತು ಆ ಮನೆಯವರನ್ನು ಕೇಳಬೇಕೋ ಬೇಡವೋ ಎಂದು ಅವನು ಸೇರಿದವರಿಗೆಲ್ಲ ನ್ಯಾಯ ಕೇಳಿದ. ಫ್ಯಾನಿನವರು, ಹೌದು ಹೌದು, ಕೇಳಬೇಕಿತ್ತು ಎಂದರು.

"ಕೇಳಿದ್ದಾರೆ" ಎಂದಳು ಅಕ್ಕು.

ಮಾರಲು ಮೀನಿಲ್ಲದ್ದರಿಂದ ಅವಳೂ ಜಲಜಳೂ ಅಲ್ಲೇ ಮಗುಚಿಟ್ಟ ದೋಣಿಗೆ ಒರಗಿ ನಿಂತಿದ್ದರು. ಎಲ್ಲರೂ ಅತ್ತ ತಿರುಗಿದರು.

"ಆ ಹುಡುಗರಲ್ಲಿ ಒಬ್ಬರೂ ಬೀಡಿ ಸೇದುವವರಲ್ಲ, ಯಾರ ಕಿಸೆಯಲ್ಲಿಯೂ ಬೆಂಕಿ ಇರಲಿಲ್ಲ. ಜಲಜಕ್ಕ ಬಂದು ಕೇಳಿದರು. ಬೆಂಕಿಪೆಟ್ಟಿಗೆ ಕೊಟ್ಟದ್ದು ನಾನೇ."

ಶೇಖರನ ಕೈಯಲ್ಲಿದ್ದ ಚೂರಿ ಕೆಳಗೆ ಬಿತ್ತು. ಇಷ್ಟು ದಿನ ಇದನ್ನು ಹೇಳಲಿಲ್ಲವಲ್ಲ ಎಂದು ಅವನು ತೊದಲಿದ.

"ನೀವು ಮುಸುಕಿನಿಂದ ಹೊರಗೆ ಬಂದರೆ ಅಲ್ವಾ ಹೇಳುದು? ನನಗೆ ಸೋತದ್ದಕ್ಕೆ ಬೇಸರ ಇರಲಿಲ್ಲ ಅಂತ ಅಲ್ಲ. ಆದರೆ ಜಲಜಕ್ಕ ಗೆದ್ದದ್ದಕ್ಕೆ ಸಂತೋಷವೂ ಆಗಿತ್ತು. ಎರಡೂ ಒಟ್ಟಿಗೆ ಆಗಬಾರದು ಅಂತ ಕಾನೂನು ಉಂಟಾ?"

ಮೊದಲು ನಕ್ಕವನು ಕರಿಬಸವ. ತಡೆಯಬೇಕೆಂದು ಬಾಯಿಗೆ ಬೈರಾಸು ತುರುಕಿಕೊಂಡರೂ ನಗು ಮೂಗಿನಿಂದ ಬಂತು. ಆಮೇಲೆ ಹರ್ಷಿತ್ ನಕ್ಕ, ಸುಕೇಶ್ ನಕ್ಕ, ಎರಡು ಕಡೆಯವರೂ ತಮಗೆ ಗೊತ್ತಿಲ್ಲದೆ ಒಂದೇ ಸಮನೆ ನಕ್ಕರು. ನಗದೆ ಉಳಿದವನು ಶೇಖರನೊಬ್ಬನೇ. ಅವನು ಮರಳಿನಲ್ಲಿ ಬಿದ್ದ ಚೂರಿಯನ್ನು ಹೆಕ್ಕಿ, ಒರೆಸಿ, ಮಡಚಿ ಕಿಸೆಗೆ ಹಾಕಿಕೊಂಡ. ನಾಳೆ ಬೆಳಿಗ್ಗೆ ಬಲೆ ಬಿಡುವುದು, ದೋಣಿಯವರು ಬೇಗ ಬರಬೇಕು ಎಂದಷ್ಟೇ ಹೇಳಿ ಮನೆಯ ಕಡೆ ನಡೆದ. ಯಾರ ಮುಖವನ್ನೂ ನೋಡುವ ಧೈರ್ಯ ಅವನಿಗಿರಲಿಲ್ಲ.

ಮಾರನೆಯ ದಿನ ದೋಣಿ ಬಲೆ ಬಿಟ್ಟು ಬಂತು. ಫ್ಯಾನ್ ಹಗ್ಗದವರು ಅಭ್ಯಾಸದಂತೆ ಬಡಗಿಗೂ ಕುಕ್ಕರ್ ಹಗ್ಗದವರು ತೆಂಕಿಗೂ ನಿಂತರು. ಶೇಖರ ಮಾತ್ರ ದಿಬ್ಬ ಹತ್ತಲಿಲ್ಲ. ನೆಟ್ಟಗೆ ತೆಂಕಿನ ಸಾಲಿನ ಕೊನೆಗೆ ಹೋಗಿ, ತನ್ನ ಕೆಂಪು ಬೈರಾಸನ್ನು ವಾಮನನ ಹೆಗಲಿಗೆ ಹಾಕಿದ.

"ಇವತ್ತು ನೀನು ಬೀಸು."

ವಾಮನ ಹಗ್ಗ ಬಿಟ್ಟು ದಿಬ್ಬ ಹತ್ತಿದ. ಅವನು ಬಿಟ್ಟ ಜಾಗದಲ್ಲಿ ಶೇಖರ ಹಗ್ಗ ಹಿಡಿದು ನಿಂತ, ಕರಿಬಸವನ ಬೆನ್ನ ಹಿಂದೆ. ತಂಡೇಲನಾದ ಮೇಲೆ ಹಗ್ಗ ಮುಟ್ಟಿದವನಲ್ಲ. ಅಂಗೈ ಸ್ವಲ್ಪ ಹೊತ್ತಿನಲ್ಲೇ ಉರಿಯತೊಡಗಿತು. ಎಷ್ಟು ಎಳೆದರೂ ವಾಮನ ತಮ್ಮ ಕಡೆಗೇ ತಿರುಗಿ ನಿಧಾನ, ನಿಧಾನ ಎಂದು ಬೀಸುತ್ತಿದ್ದ. ಬಡಗಿನವರನ್ನು ಮಾತ್ರ ಹುರಿದುಂಬಿಸುತ್ತಿದ್ದ. ಶೇಖರನಿಗೆ ಸಿಟ್ಟು ನೆತ್ತಿಗೇರಿತು.

"ಇದೆಂತ, ಬೈರಾಸು ಪೂರಾ ಆ ಕಡೆಯವರ ಪರವಾಗಿಯೇ ಬೀಸುತ್ತಾನಲ್ಲ ಇವನು! ನಾವು ಎಳೆಯುದು ಕಾಣುದಿಲ್ವಾ?"

ಎದುರಿಗಿದ್ದ ಕರಿಬಸವ ತಿರುಗಿ ನೋಡಿದ. ಇಷ್ಟು ದಿನ ಇದೇ ಹಗ್ಗದವರು ತನ್ನ ಬಗ್ಗೆ ಇದನ್ನೇ ಹೇಳಿದ್ದು, ತಾನು ಅದನ್ನು ಕುಕ್ಕರಿನವರ ಕುತಂತ್ರ ಎಂದದ್ದು ಶೇಖರನಿಗೆ ನೆನಪಾಯಿತು. ಹಗ್ಗದ ತುದಿಯಲ್ಲಿ ನಿಂತವನಿಗೆ ಬೈರಾಸು ಹೀಗೇ ಕಾಣುತ್ತದೆ ಎಂದು ತಂಡೇಲನಿಗೆ ಗೊತ್ತಾಗುವುದಕ್ಕೆ ಅಂಗೈಯಲ್ಲಿ ಬೊಬ್ಬೆ ಏಳಬೇಕಾಯಿತು. ಅವನು ಬಾಯಿ ಮುಚ್ಚಿಕೊಂಡು, ಬೈರಾಸು ಹೇಳಿದಷ್ಟೇ ಎಳೆದ.

ಎರಡು ಸಾಲುಗಳು ಹತ್ತಿರ ಹತ್ತಿರ ಬಂದವು. ಕೊನೆಗೆ ಚೀಲ ದಡ ಮುಟ್ಟಿದಾಗ ಯಾರು ಫ್ಯಾನ್, ಯಾರು ಕುಕ್ಕರ್ ಎಂದು ಹೇಳಲಾಗದಂತೆ ಎಲ್ಲರೂ ಒಬ್ಬರ ಮೈಮೇಲೆ ಒಬ್ಬರು ಬಿದ್ದಿದ್ದರು. ಚೀಲದಲ್ಲಿ ಬೂತಾಯಿ ಮೀನು ಪಳಪಳ ಕುಣಿಯುತ್ತಿತ್ತು. ಬಂಗಾರದಂಥ ದಿನವೇನಲ್ಲ, ಆದರೂ ಎಲ್ಲ ಮನೆಗೂ ಸಾರಿಗಾಯಿತು, ಕಾಪು ಮಾರ್ಕೆಟ್ಟಿಗೆ ಎರಡು ಬುಟ್ಟಿ ತುಂಬಿತು. ಗಿಡುಗಗಳೂ ವಾಪಸು ಬಂದವು. ಅಕ್ಕುವೂ ಜಲಜಳೂ ಬುಟ್ಟಿ ಹೊತ್ತು ರಿಕ್ಷಾದ ಕಡೆ ಹೊರಟರು.

ಶೇಖರ ಉರಿಯುವ ಅಂಗೈಯನ್ನು ಉಪ್ಪು ನೀರಿನಲ್ಲಿ ಅದ್ದಿ ಇನ್ನಷ್ಟು ಉರಿಸಿಕೊಂಡು, ವಾಮನನ ಪಕ್ಕದಲ್ಲಿ ಬಂದು ಕೂತ.

"ಮುಂದಿನ ಸಲವೂ ಪಟಾಕಿ ನನ್ನ ಗೇಟಿನ ಎದುರೇ ಹಚ್ಚಿಸು. ಬಲೆ ಅಲ್ಲಿಂದ ದೂರ ಉಂಟು" ಎಂದ ಶೇಖರ.

"ಮುಂದಿನ ಸಲ ಅಕ್ಕು ಗೆದ್ದರೆ?"

ಶೇಖರ ಯೋಚಿಸಿದ.

"ಆಗಲೂ ಅಲ್ಲಿಯೇ. ಬೆಂಕಿಪೆಟ್ಟಿಗೆ ಮಾತ್ರ ಜಲಜಕ್ಕ ಕೊಡಲಿ."