ಟೋಕಿಯೋಗೆ ಕೊಡದ ಹೆಸರು

“ನಮ್ಮ ಜುನ್ಜಿ ಓಟಿನ ಹಕ್ಕು ಕೇಳೋಕೆ ಹೋಗಿದ್ನಂತೆ. ಏಳನೇ ಕ್ಲಾಸಲ್ಲೇ ಸ್ಕೂಲಿಗೆ ಕೈಮುಗಿದೋನು. ಅಪ್ಪನ ಬೆನ್ನು ಉಜ್ಜೋಕೂ ನೆಟ್ಟಗೆ ಬರಲ್ಲ ಇವನಿಗೆ.”

ನಮ್ಮ ಜಪಾನಿ ಮೀನುಗಾರರ ಊರಿನ ಸಾರ್ವಜನಿಕ ಸ್ನಾನದ ಮನೆಯಲ್ಲಿ ಅಪ್ಪ ಹೀಗೆಂದಾಗ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನ ತನಕ ಮುಳುಗಿದ್ದ ಹಿರಿಯರೆಲ್ಲ ನಕ್ಕರು. ನಾನು ಅಪ್ಪನ ಬೆನ್ನನ್ನು ಇನ್ನಷ್ಟು ಗಟ್ಟಿಯಾಗಿ ಉಜ್ಜಿದೆ.

ನಾನು ಹುಟ್ಟಿದ್ದು ಕೆನಡಾದ ಬ್ರಿಟಿಷ್ ಕೊಲಂಬಿಯಾದ ಇದೇ ನದಿಯ ದಡದಲ್ಲಿ. ಜಪಾನನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ಕಂಡವನು. ಮತದಾರರ ಪಟ್ಟಿಗೆ ಸೇರಿಸಿ ಎಂದರೆ ಬಿಳಿಯ ಗುಮಾಸ್ತ, ನಿನ್ನ ಹೆಸರು ಟೋಕಿಯೋದಲ್ಲಿದೆ, ಅಲ್ಲೇ ಹೋಗಿ ಕೇಳು ಎಂದ. ಪಟ್ಟಿಯಲ್ಲಿಲ್ಲದವರು ಇಲ್ಲಿ ಔಷಧಿ ಅಂಗಡಿ ಇಡುವಂತಿಲ್ಲ. ಔಷಧಿಶಾಸ್ತ್ರ ಓದಬೇಕೆಂದಿದ್ದ ನನ್ನ ತಂಗಿ ಕಿಯೋ ಈಗ ಕಾರ್ಖಾನೆಯಲ್ಲಿ ಮೀನಿನ ಹೊಟ್ಟೆ ಸೀಳುತ್ತಾಳೆ.

ಗುಮಾಸ್ತನದು ಕುಂಟುನೆಪ. ಜಪಾನಿ ಮೂಲದವರಿಗೆ ಓಟಿಲ್ಲ ಎಂಬ ಕಾನೂನು ಬರೆದವರು ನಮ್ಮ ಮುಖ ನೋಡಿಯೇ ಬರೆದದ್ದು. ಆದರೆ ಓದುಗರೇ, ಆ ನೆಪವನ್ನು ಅವನ ಕೈಗಿತ್ತವರು ಯಾರು? ಮಗು ಹುಟ್ಟಿತೋ ಇಲ್ಲವೋ, ಪಟ್ಟಣದಲ್ಲಿರುವ ಜಪಾನ್ ಸರ್ಕಾರದ ಕಾನ್ಸಲ್ ಕಚೇರಿಯಲ್ಲಿ ಹೆಸರು ಬರೆಸಿ ಅದನ್ನು ಆ ದೇಶದ ಪ್ರಜೆಯಾಗಿಸುವುದು ನಮ್ಮ ಮನೆಮನೆಯ ವಾಡಿಕೆ. ಕಣ್ಣು ಬಿಡುವ ಮೊದಲೇ ಕೂಸಿನ ಕಾಲಿಗೆ ಹಗ್ಗ!

ಅಂದು ನನ್ನ ಮಗಳಿಗೆ ನಾಮಕರಣ. ಹೆಸರು ಗೊತ್ತಿದ್ದದ್ದು ನನಗೂ ಹೆಂಡತಿ ಫುಮಿಯೆಗೂ ಮಾತ್ರ. ಊರಿನ ಕೂಸುಗಳ ಹೆಸರನ್ನು ಕಾನ್ಸಲ್ ಕಚೇರಿಗೆ ಮುಟ್ಟಿಸುವ ಟೋರಾಕಿಚಿ ಮಾವ ಮರುದಿನ ಬೆಳಗ್ಗೆ ಪಟ್ಟಣಕ್ಕೆ ಹೊರಡುವವರಿದ್ದರು. ತಡವಾದರೆ ಕಚೇರಿಯವರು ಸೇರಿಸಿಕೊಳ್ಳುವುದಿಲ್ಲ.

ಮಗಳ ಹೆಸರನ್ನು ಅಲ್ಲಿ ಬರೆಸುವುದಿಲ್ಲ ಎಂದೆ. ಅಪ್ಪ ಗರ್ರನೆ ತಿರುಗಿದರು.

“ನಾಳೆ ಈ ಬಿಳಿಯೋರು ನಮ್ಮನ್ನ ಓಡಿಸಿದ್ರೆ ಆ ಕೂಸು ಎಲ್ಲಿಗೆ ಹೋಗ್ಬೇಕೋ?”

“ಇಲ್ಲೇ ಹುಟ್ಟಿದೋಳನ್ನ ಎಲ್ಲಿಗಪ್ಪಾ ಓಡಿಸ್ತಾರೆ? ಹೋಗೋಕೆ ಇನ್ನೊಂದು ಊರಿದೆ ಅಂತ ನಾವೇ ಬರೆದುಕೊಟ್ರೆ ತಾನೇ ಓಡ್ಸೋದು?”

“ಓಟೇನು ಅನ್ನ ಹಾಕುತ್ತಾ?”

“ಮತ್ತೆ ಮೀನುಗಾರರ ಸಂಘದ ಅಧ್ಯಕ್ಷರನ್ನ ಆರಿಸೋವಾಗ ಇದೇ ತೊಟ್ಟೀಲಿ ನಿಂತು ಎರಡೂ ಕೈ ಎತ್ತಿದ್ರಲ್ಲ, ಟವೆಲ್ ಜಾರಿದ್ದೂ ಗೊತ್ತಾಗ್ದೆ?”

ತೊಟ್ಟಿಯವರು ಈಗ ಅಪ್ಪನ ಕಡೆ ನೋಡಿ ಬಿದ್ದು ಬಿದ್ದು ನಕ್ಕರು. ಒಬ್ಬರಿಗೆ ನೀರು ಮೂಗಿಗೇರಿ ಕೆಮ್ಮು ಬಂತು. ಅಪ್ಪನ ಮೀಸೆಯೂ ಒಂದು ಸಲ ಅಲುಗಿತು. ನಕ್ಕದ್ದು ಕಾಣಬಾರದೆಂದು ತಲೆಯ ಮೇಲೆ ನೀರು ಸುರಿದುಕೊಂಡರು.

ನಾನು ಮೈ ಒರೆಸಿಕೊಂಡು, ಬಟ್ಟೆ ತೊಟ್ಟು, ಹೊರಕೋಣೆಗೆ ಬಂದೆ. ಅಲ್ಲಿ ಒಲೆಯ ಪಕ್ಕ ಟೋರಾಕಿಚಿ ಮಾವ ಕಾಗದ ಹರಡಿ, ಲೇಖನಿ ಅದ್ದಿ ಕೂತಿದ್ದರು.

“ಹೇಳಪ್ಪಾ ಜುನ್ಜಿ, ಮಗೂಗೆ ಏನು ಹೆಸರು?”

ಒಳಗೆ ನೀರಿನ ಸದ್ದು ನಿಂತಿತು. ಎಲ್ಲರೂ ಕಿವಿಗೊಟ್ಟಿದ್ದರು.

“ಹೇಳೋ!” ಅಪ್ಪನ ಕೂಗು ಕೇಳಿಸಿತು.

ಹೊರಗಿನಿಂದ ಕಿಯೋ ಬಾಗಿಲು ತಟ್ಟಿ, ನಾಮಕರಣದ ಕೆಂಪು ಕಾಳಿನ ಅನ್ನ ಆರಿಹೋಗುತ್ತಿದೆ, ಅತ್ತಿಗೆ ಕಾಯುತ್ತಿದ್ದಾಳೆ ಎಂದಳು. ಹೆಸರು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಲೇಖನಿಯಿಂದ ಶಾಯಿ ತೊಟ್ಟಿಕ್ಕಿ ಕಾಗದದ ಮೇಲೆ ಹರಡಿತು. ನಾನು ಬೂಟು ಮೆಟ್ಟಿ, ಟವೆಲನ್ನು ಹೆಗಲಿಗೆ ಎಸೆದುಕೊಂಡು, ಮನೆಯ ಕಡೆ ನಡೆದುಬಿಟ್ಟೆ.