ಅಜ್ಜನ ಹೆಸರಿನ ಸಾಬೂನು

ಆ ಮನೆಯ ಕಿರಿಸೊಸೆ ಸಾಬೂನು ಕುದಿಸಲು ಕೂತದ್ದು ಗಂಡನ ಕೈ ನೋಡಲಾರದೆ. ಅವನು ತನ್ನ ಅಣ್ಣನ ಸಲೂನಿನಲ್ಲಿ ಎರಡನೆಯ ಕುರ್ಚಿಯ ಕ್ಷೌರಿಕ. ಬೆಳಗಿನಿಂದ ಸಂಜೆಯವರೆಗೂ ಅಗ್ಗದ ಟ್ಯೂಬಿನ ಕ್ರೀಮನ್ನು ಕಂಡವರ ಕೆನ್ನೆಗೆಲ್ಲ ಬಳಿದೂ ಬಳಿದೂ ಅವನ ಬೆರಳಸಂದುಗಳು ಬಿರಿದಿದ್ದವು. ಊಟಕ್ಕೆ ಕೂತರೆ ಉಪ್ಪುಖಾರ ತಾಗಿ ಮುಖ ಕಿವುಚುತ್ತಿದ್ದ. ಬಾಯಿ ಬಿಟ್ಟು ಒಂದು ಮಾತು ಹೇಳುವ ಜಾಯಮಾನ ಅವನದಲ್ಲ. ನೋವನ್ನೂ ಅನ್ನದ ಜೊತೆಗೇ ನುಂಗುತ್ತಿದ್ದ.

ಅವಳು ಮದುವೆಗೆ ಮುಂಚೆ ಒಂದು ಸಾಬೂನು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದವಳು. ಕೈ ಪ್ಯಾಕಿಂಗಿನಲ್ಲಿದ್ದರೂ ಕಣ್ಣು, ಮೂಗು ಎರಡೂ ಪಕ್ಕದ ಕುದಿಸುವ ವಿಭಾಗದಲ್ಲೇ ಇರುತ್ತಿದ್ದವು. ಆ ನೆನಪನ್ನು ನೆಚ್ಚಿಕೊಂಡು ಕೊಬ್ಬರಿ ಎಣ್ಣೆ, ಹರಳೆಣ್ಣೆ, ನೊರೆ ಗಟ್ಟಿ ನಿಲ್ಲಲೆಂದು ಮೇಣದ ಹಾಗಿರುವ ಬಿಳಿ ಕೊಬ್ಬು, ಇಷ್ಟನ್ನು ತಂದಳು. ಹಿತ್ತಲ ಬಾಗಿಲು ತೆರೆದಿಟ್ಟು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಸ್ಟೀಲ್ ಪಾತ್ರೆಯ ತಣ್ಣೀರಿಗೆ ಎಣ್ಣೆಯನ್ನು ಸಾಬೂನಾಗಿಸುವ ಕಾಸ್ಟಿಕ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಉದುರಿಸಿ ಕಲಕಿದಳು. ಮೊದಲ ಸಲದ್ದು ಒಡೆದ ಹಾಲಿನಂತಾಯಿತು. ಎರಡನೆಯದು ಸುಣ್ಣದ ಹೆಂಟೆ. ಅತ್ತೆ ನಡುಮನೆಯಿಂದಲೇ, "ಅಂಗಡೀಲಿ ಸಾಬೂನು ಸಿಗಲ್ವಾ ನಿಂಗೆ? ಮನೆಯೆಲ್ಲ ಘಾಟು" ಎಂದರು. ಅವಳು ಇನ್ನೊಂದು ಪಾಕ ಇಟ್ಟಳು.

ಕೊನೆಗೆ ಹದ ಸಿಕ್ಕಿತು. ಲಾವಂಚದ ಎಣ್ಣೆ, ಕಿತ್ತಳೆ ಸಿಪ್ಪೆಯ ಎಣ್ಣೆ, ಲವಂಗದ್ದು ಮಾತ್ರ ಕಡ್ಡಿಯ ತುದಿಯಲ್ಲಿ ಅದ್ದಿ ತೆಗೆದಷ್ಟು. ಲವಂಗ ಹೆಚ್ಚಾದರೆ ಚರ್ಮ ಸುಡುತ್ತದೆ ಎಂದು ತನ್ನ ಮೊಣಕೈ ಮೇಲೆ ಹಚ್ಚಿಕೊಂಡೇ ಕಲಿತಿದ್ದಳು. ಅಚ್ಚಿನಿಂದ ಬಿಡಿಸಿದ ಬಿಲ್ಲೆಗಳನ್ನು ಕಪಾಟಿನ ಮೇಲೆ ವಾರಗಟ್ಟಲೆ ಒಣಗಲು ಬಿಟ್ಟು, ಆಗಾಗ ಒಂದನ್ನು ನಾಲಿಗೆಯ ತುದಿಗೆ ಮುಟ್ಟಿಸಿ ನೋಡುತ್ತಿದ್ದಳು. ಚುರ್ ಎಂದರೆ ಕಾಸ್ಟಿಕ್ ಇನ್ನೂ ಉಳಿದಿದೆ ಎಂದರ್ಥ. ಬರೀ ಸಾಬೂನಿನ ಸಪ್ಪೆ ರುಚಿ ಬಂದ ದಿನ ಗಂಡನ ಕೈಗೆ ಕೊಟ್ಟಳು.

ಅವನ ಕೈ ಮಾಯಿತು. ಅವನೇ ಅದನ್ನು ಬಟ್ಟಲಿಗೆ ಹಾಕಿಕೊಂಡು ಸಲೂನಿಗೂ ಒಯ್ದ. ಬ್ರಷ್ ಆಡಿಸಿದರೆ ಮೊಸರಿನ ಕೆನೆಯಂಥ ನೊರೆ. ಅಂಗಡಿಯ ಮುಂದೆ ಹಾದುಹೋಗುವವರೂ ಮೂಗೆತ್ತಿ ನಿಲ್ಲುವಂಥ ಪರಿಮಳ. ಅವಳ ಭಾವ, ಅಂದರೆ ಸಲೂನಿನ ಯಜಮಾನ, ಮೊದಮೊದಲು, "ಮನೇಲಿ ಕುದಿಸಿದ್ದನ್ನ ಅಂಗಡಿಗೆ ತರಬೇಡ ಮಾರಾಯ, ನಗ್ತಾರೆ" ಎಂದಿದ್ದವರು. ಗಿರಾಕಿಗಳು ಎರಡನೆಯ ಕುರ್ಚಿಗೇ ಸಾಲುಗಟ್ಟಿದ ಮೇಲೆ ಬಾಯಿ ಮುಚ್ಚಿದರು. ಆಮೇಲೆ ಬಟ್ಟಲನ್ನು ಮೊದಲನೆಯ ಕುರ್ಚಿಗೆ ಸರಿಸಿಕೊಂಡರು. ಪ್ರತಿ ತಿಂಗಳೂ ಅವಳು ಬಿಲ್ಲೆ ಮಾಡಿ ಕಳಿಸಿದಳು. ಮನೆಯ ಅಂಗಡಿಯಲ್ಲವೇ ಎಂದು ಅದಕ್ಕೂ ಸಂತೋಷವೇ ಪಟ್ಟಳು.

ಒಂದು ಮಧ್ಯಾಹ್ನ ಗಂಡ ಊಟದ ಡಬ್ಬಿ ಮರೆತು ಹೋಗಿದ್ದ. ಕೊಡಲು ಹೋದವಳು ಸಲೂನಿನ ಬಾಗಿಲಲ್ಲೇ ನಿಂತುಬಿಟ್ಟಳು. ಕನ್ನಡಿಯ ಮೇಲೆ ಹೊಸ ಬೋರ್ಡು: 'ನಮ್ಮ ಅಜ್ಜನ ಕಾಲದ ಗುಟ್ಟಿನ ಸಾಬೂನು.' ಅದರ ಕೆಳಗೆ ಕಟ್ಟು ಹಾಕಿಸಿದ ಫೋಟೋ. ನುಣ್ಣಗೆ ಬೋಳಿಸಿದ ಕೆನ್ನೆಯ, ಕೋಟು ತೊಟ್ಟ ಮುದುಕರೊಬ್ಬರು ಅದರೊಳಗಿಂದ ಗಂಭೀರವಾಗಿ ನೋಡುತ್ತಿದ್ದರು. ಭಾವ ಗಿರಾಕಿಯೊಬ್ಬನಿಗೆ ಹೇಳುತ್ತಿದ್ದರು: "ಅಜ್ಜ ಸಾಯೋವಾಗ ನನ್ನ ಕಿವೀಲಿ ಹೇಳಿ ಹೋದ್ರು ಸಾರ್. ಬೇರೆ ಯಾರಿಗೂ ಗೊತ್ತಿಲ್ಲ." ಗಂಡ ಪಕ್ಕದಲ್ಲೇ ಕತ್ತರಿ ಆಡಿಸುತ್ತಿದ್ದ. ಅವನ ಕಿವಿಗೆ ಆ ಮಾತು ಬೀಳಲಿಲ್ಲವೆಂದು ಹೇಗೆ ನಂಬುವುದು?

ಸಂಜೆ ಅವನು ಚಪ್ಪಲಿ ಬಿಡುವುದಕ್ಕೂ ಬಿಡದೆ ಕೇಳಿದಳು. "ರೀ, ನಿಮ್ಮಜ್ಜ ಕ್ಷೌರ ಮಾಡ್ತಿದ್ರಾ?"

"ಇಲ್ವಲ್ಲ. ಗಾರೆ ಕೆಲಸ."

"ಆ ಫೋಟೋದಲ್ಲಿರೋರು ಯಾರು ಹಾಗಾದ್ರೆ?"

ಅವನು ತಲೆ ಕೆರೆದುಕೊಂಡ. "ಅಣ್ಣ ಕಟ್ಟು ಹಾಕೋನ ಅಂಗಡಿಯಿಂದ ತಂದ. ಯಾರೋ ಕೊಟ್ಟೋರು ವಾಪಸ್ ಒಯ್ಯೋಕೆ ಬರಲೇ ಇಲ್ವಂತೆ. ವ್ಯಾಪಾರ ಅಂದ್ಮೇಲೆ ಸ್ವಲ್ಪ ಮಾತು ಕಟ್ಟಬೇಕಾಗುತ್ತೆ, ಬಿಡು."

"ಮಾತು ಕಟ್ಟಲಿ. ನನ್ನ ಹೆಸರು ಹೇಳಿ ಕಟ್ಟೋಕಾಗಲ್ವಾ? ಅಷ್ಟು ಹೊಗೆ ಕುಡಿದೋಳು ನಾನು. ಕೈ ಸುಟ್ಕೊಂಡೋಳು ನಾನು. ನಾನ್ಯಾರು ಆ ಅಂಗಡಿಗೆ?"

"ನೀನು ಮನೇವಳಲ್ವಾ" ಎಂದ ಅವನು. ಸಮಾಧಾನ ಮಾಡಿದೆನೆಂದೇ ಅವನ ಭಾವನೆ.

ಮನೇವಳು. ಭಾವ ಸುಳ್ಳು ಹೇಳಿದ್ದಕ್ಕಿಂತ, ಅದನ್ನು ಕೇಳಿಸಿಕೊಂಡು ಇವನು ಕತ್ತರಿ ಆಡಿಸುತ್ತಾ ನಿಂತದ್ದೇ ಅವಳನ್ನು ಹೆಚ್ಚು ಉರಿಸಿತು. ಮರುದಿನ ಪಾತ್ರೆ, ಅಚ್ಚು, ಎಣ್ಣೆಯ ಸೀಸೆ ಎಲ್ಲವನ್ನೂ ತೊಳೆದು ಅಟ್ಟಕ್ಕೇರಿಸಿದಳು. ಬಿಲ್ಲೆ ಕೇಳಲು ಬಂದ ಓರಗಿತ್ತಿಗೆ, "ಅಜ್ಜನ್ನ ಕೇಳಿ ಅಕ್ಕ. ಅವರಿಗೇ ಗೊತ್ತಿರೋದು" ಎಂದಳು.

ಭಾವನಿಗೆ ರೋಷ ಬಂತು. ಅವರ ಸಂಸಾರ ಅದೇ ಮನೆಯ ಮೇಲಂತಸ್ತಿನಲ್ಲಿ. ಕೆಳಗೆ ಅತ್ತೆ ನೀರು ಕಾಯಿಸುತ್ತಿದ್ದ ದೊಡ್ಡ ಅಲ್ಯೂಮಿನಿಯಂ ಪಾತ್ರೆಯನ್ನು ಭಾವ ಹೇಳದೆ ಕೇಳದೆ ಎತ್ತಿಕೊಂಡು ಹೋಗಿ ಸಾಬೂನು ಇಟ್ಟರು. ಲವಂಗದ ವಾಸನೆ ಗಪ್ಪೆಂದು ಕೆಳಗಿಳಿದಾಗ ಅವಳಿಗೆ ತಡೆಯಲಾಗಲಿಲ್ಲ. ಕೋಪ ಬೇರೆ, ಕಣ್ಣು ಹೋಗುವ ವಿಷಯ ಬೇರೆ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದಳು: "ಭಾವ, ಅಲ್ಯೂಮಿನಿಯಂ ಆಗಲ್ಲ, ಕಾಸ್ಟಿಕ್ ತಿಂದುಬಿಡುತ್ತೆ. ಲವಂಗದೆಣ್ಣೇನೂ ಅಷ್ಟು ಸುರೀಬೇಡಿ."

"ನೀನು ಹುಟ್ಟೋಕ್ಮುಂಚೆ ಕತ್ತಿ ಹಿಡಿದೋನು ನಾನು. ನಿನ್ನ ಕೆಲಸ ನೀನು ನೋಡ್ಕೋ" ಎಂದು ಮೇಲಿನಿಂದ ಉತ್ತರ ಬಂತು. ಅದರ ಹಿಂದೆಯೇ ಬುಸ್ಸೆಂದು ಏನೋ ಉಕ್ಕಿದ ಸದ್ದು, ಓರಗಿತ್ತಿ ಕಿಟಕಿಗಳನ್ನು ತೆಗೆದ ಸದ್ದು. ಪಾತ್ರೆ ಕೆಳಗೆ ಬಂದಾಗ ಕಪ್ಪಗೆ ಕರಕಲಾಗಿ, ಒಳಗೆಲ್ಲ ಸಿಡುಬು ಎದ್ದ ಮುಖದಂತೆ ಆಗಿತ್ತು. ಅತ್ತೆ ಅದನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದರು. ಅವರ ಮದುವೆಗೆ ಬಂದ ಪಾತ್ರೆ ಅದು.

ಆದರೂ ಭಾವ ಬೇರೆ ಪಾತ್ರೆಯಲ್ಲಿ ಏನೋ ಗಟ್ಟಿ ಮಾಡಿಕೊಂಡು, ಒಣಗಲೂ ಬಿಡದೆ ಸಲೂನಿಗೆ ಒಯ್ದರೆಂದು ತಿಳಿಯಿತು. ಅವಳು ತನಗೇಕೆ ಎಂದುಕೊಂಡಳು.

ಅದಾದ ಕೆಲವು ದಿನಕ್ಕೆ ಬಾಗಿಲು ಬಡಿದವರು ಡ್ರಿಲ್ ಮೇಷ್ಟ್ರ ಹೆಂಡತಿ. ಮೇಷ್ಟ್ರಿಗೆ ಆ ದಿನ ಶಾಲೆಯಲ್ಲಿ ನಿವೃತ್ತಿಯ ಬೀಳ್ಕೊಡುಗೆ ಎಂದು ಬೀದಿಗೆಲ್ಲ ಗೊತ್ತಿತ್ತು.

"ಏನಮ್ಮ, ಸಾಬೂನು ಮಾಡೋಳು ನೀನೇನಾ?" ಎಂದರು ಅವರು, ಒಳಗೆ ಬರದೆ ಹೊಸ್ತಿಲಾಚೆ ನಿಂತೇ. "ಬೆಳಿಗ್ಗೆ ನಿಮ್ಮ ಸಲೂನಲ್ಲಿ ಕ್ಷೌರ ಮಾಡಿಸ್ಕೊಂಡು ಬಂದ್ರಲ್ಲ ನಮ್ಮ ಯಜಮಾನರು, ಬಂದು ನೋಡು ಅವರ ಮುಖ. ಬೆಂಕಿಗೆ ಹಿಡಿದ ಬದನೆಕಾಯಿ ಆಗಿದೆ. ಜೀವಮಾನಕ್ಕೊಂದು ಗ್ರೂಪ್ ಫೋಟೋ. ಕರ್ಚೀಫ್ ಮುಚ್ಕೊಂಡು ನಿಲ್ಲಬೇಕಾ ಅವರು?"

"ನಾನು ಸಾಬೂನು ಮಾಡೋದು ಬಿಟ್ಟು ಬಹಳ ದಿನ ಆಯ್ತಮ್ಮ. ಯಾರು ಹೇಳಿದ್ದು ನಿಮಗೆ ನಾನು ಅಂತ?"

"ಇನ್ಯಾರು? ನಿಮ್ಮ ಭಾವಾನೇ. ಅಂಗಡಿ ತುಂಬ ಜನರ ಮುಂದೆ ಹೇಳಿದ್ರಂತೆ, 'ಏನು ಮಾಡೋದು ಸಾರ್, ನಮ್ಮ ಮನೆ ಹೆಂಗಸು ಮಾಡಿದ್ದು, ಹೆಂಗಸರಿಗೆ ಅಳತೆ ಗೊತ್ತಾಗಲ್ಲ' ಅಂತ."

ಪರಿಮಳ ಬಂದಾಗ ಅಜ್ಜನದು. ಕೆನ್ನೆ ಸುಟ್ಟಾಗ ತನ್ನದು. ಹೊಗಳಿಕೆಗೆ ಇಲ್ಲದ ಹೆಸರು ಬೈಗುಳಕ್ಕೆ ಎಷ್ಟು ಬೇಗ ಸಿಕ್ಕಿತು. "ಅಳತೆ ಗೊತ್ತಾಗಲ್ವಂತಾ?" ಎಂದು ತನಗೆ ತಾನೇ ಕೇಳಿಕೊಂಡಳು. ಮೇಷ್ಟ್ರ ಹೆಂಡತಿಗೆ ಉರಿಯುವ ಮುಖಕ್ಕೆ ಹಚ್ಚಲು ಬರೀ ಕೊಬ್ಬರಿ ಎಣ್ಣೆ ಕೊಟ್ಟಳು, ಕಪಾಟಿನ ಮೂಲೆಯಲ್ಲಿ ಉಳಿದಿದ್ದ ತನ್ನದೊಂದು ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡಳು, ಚಪ್ಪಲಿ ಮೆಟ್ಟಿ ಹೊರಟಳು.

ಬೀದಿಯ ತಿರುವಿನಲ್ಲಿ ನೋಡಿದರೆ ಹಿಂದೆಯೇ ಅತ್ತೆ ಬರುತ್ತಿದ್ದಾರೆ. ತಡೆಯಲು ಬಂದರೋ ಎಂದುಕೊಂಡಳು.

"ನಡಿ, ನಡಿ" ಎಂದರು ಅತ್ತೆ ಏದುಸಿರು ಬಿಡುತ್ತ. "ನನ್ನ ಪಾತ್ರೆ ವಿಷಯ ನಾನೂ ಒಂದು ಮಾತು ಕೇಳ್ಬೇಕು."

ಸಲೂನಿನಲ್ಲಿ ಎರಡೂ ಕುರ್ಚಿ ತುಂಬಿದ್ದವು. ಬೆಂಚಿನ ಮೇಲೆ ಎದುರಂಗಡಿಯ ದರ್ಜಿ, ಇನ್ನಿಬ್ಬರು ಗಿರಾಕಿಗಳು ಕಾಯುತ್ತಿದ್ದರು. ಇಬ್ಬರು ಹೆಂಗಸರು ಒಳಗೆ ಬಂದದ್ದು ನೋಡಿ ಭಾವನ ಕೈಯ ಕತ್ತಿ ಗಾಳಿಯಲ್ಲೇ ನಿಂತಿತು.

"ಗಂಡಸರು ಕೂತಿರೋ ಜಾಗ ಇದು. ಏನಿದ್ರೂ ಮನೇಲಿ ಮಾತಾಡೋಣ."

"ಮನೇಲಿ ಹೇಳೋದನ್ನ ನೀವು ಇಲ್ಲಿ ಹೇಳಿದೀರಲ್ಲ ಭಾವ. ನಾನೂ ಇಲ್ಲೇ ಹೇಳ್ತೀನಿ." ಅವಳ ದನಿ ಏರಲಿಲ್ಲ. ಬಟ್ಟಲಲ್ಲಿದ್ದ ಸಾಬೂನನ್ನೂ ಸೆರಗಿನ ಬಿಲ್ಲೆಯನ್ನೂ ಕನ್ನಡಿಯ ಮುಂದಿನ ಹಲಗೆಯ ಮೇಲೆ ಪಕ್ಕಪಕ್ಕ ಇಟ್ಟಳು. "ಇದು ನಾನು ಮಾಡಿದ್ದು. ಅದು ನೀವು ಮಾಡಿದ್ದು." ತನ್ನದನ್ನು ಎತ್ತಿ ನಾಲಿಗೆಗೆ ಮುಟ್ಟಿಸಿ ಕೆಳಗಿಟ್ಟಳು. "ಈಗ ನೀವು ನಿಮ್ಮದನ್ನ ಮುಟ್ಟಿಸಿ."

"ಸಾಬೂನು ನೆಕ್ಕೋಕೆ ನಾನೇನು ಮಗೂನಾ?"

"ಮೇಷ್ಟ್ರ ಕೆನ್ನೆಗೆ ಆಗುತ್ತೆ, ನಿಮ್ಮ ನಾಲಿಗೆಗೆ ಆಗಲ್ವಾ?"

ದರ್ಜಿ ಬೆಂಚಿನಿಂದ, "ಒಂದ್ಸಲ ಮುಟ್ಟಿಸಿಬಿಡಪ್ಪ, ನಾವೂ ನೋಡೋಣ" ಎಂದ. ಭಾವ ಬಿಗುಮಾನಕ್ಕೆ ಬಿದ್ದು ನಾಲಿಗೆ ಚಾಚಿದರು. ಮರುಕ್ಷಣ ನಲ್ಲಿಯ ಕಡೆ ಓಡಿದರು. ಕುರ್ಚಿಯಲ್ಲಿದ್ದ ಗಿರಾಕಿ ಮುಖದ ನೊರೆಯನ್ನು ಗಾಬರಿಯಿಂದ ಒರೆಸಿಕೊಳ್ಳತೊಡಗಿದ. ನಗು ಒಂದು ಮೂಲೆಯಿಂದ ಎದ್ದು ಅಂಗಡಿಯನ್ನೆಲ್ಲ ಸುತ್ತಿತು.

ಅತ್ತೆ ನಗಲಿಲ್ಲ. ಅವರ ಕಣ್ಣು ಗೋಡೆಯ ಮೇಲಿತ್ತು. "ಇದ್ಯಾರೋ?"

ಭಾವ ಬಾಯಿ ಮುಕ್ಕಳಿಸುತ್ತಲೇ ಇದ್ದರು. ದರ್ಜಿಯೇ ಹೇಳಿದ: "ನಿಮ್ಮ ಮಾವನವರಂತಲ್ಲಮ್ಮ. ಈ ಸಾಬೂನು ಕಂಡುಹಿಡಿದೋರು."

"ನನ್ನ ಮಾವ?" ಅತ್ತೆ ಫೋಟೋದ ಹತ್ತಿರಕ್ಕೇ ಹೋದರು. "ನನ್ನ ಮಾವ ಹುಟ್ಟಿದಾಗಿನಿಂದ ಸಾಯೋವರೆಗೂ ಕೆನ್ನೆಗೆ ಕತ್ತಿ ಮುಟ್ಟಿಸಿದೋರಲ್ಲ. ಎದೆವರೆಗೂ ಗಡ್ಡ. ಅದಕ್ಕೆ ಎಣ್ಣೆ ಹಚ್ಚಿ ಬಾಚಿದೋಳು ನಾನು. ಯಾರೋ ದಾರೀಲಿ ಹೋಗೋನನ್ನ ತಂದು ನನ್ನ ಮಾವ ಅಂತ ಗೋಡೆಗೆ ಹೊಡೆದಿದೀಯಲ್ಲೋ, ನಾಚಿಕೆ ಆಗಲ್ವಾ ನಿಂಗೆ? ನನ್ನ ಪಾತ್ರೆ ಹಾಳ್ಮಾಡಿದ್ದು ಸಾಲದು ಅಂತ ನನ್ನ ಮಾವನ್ನೂ ಬದಲಾಯಿಸಿದ್ಯಾ?"

ಆಗ ಎರಡನೆಯ ಕುರ್ಚಿಯ ಹಿಂದಿನಿಂದ ಗಂಡ ನೆಲ ನೋಡುತ್ತ ಹೇಳಿದ: "ಅಣ್ಣ, ಮೇಷ್ಟ್ರಿಗೆ ಹಚ್ಚಿದ್ದು ನೀನು ಮಾಡಿದ್ದು. ಮುಂಚಿನದೆಲ್ಲ ಇವಳದು. ಹೇಳಿಬಿಡು."

ಎಲ್ಲ ಮುಗಿದ ಮೇಲೆ ಬಂದ ಮಾತು. ಆಡಿದನಲ್ಲ ಎಂದು ಸಂತೋಷಪಡಬೇಕೋ, ಇಷ್ಟು ಹೊತ್ತು ಎಲ್ಲಿತ್ತು ಎಂದು ಕೇಳಬೇಕೋ ಅವಳಿಗೆ ತಿಳಿಯಲಿಲ್ಲ. ತನ್ನ ಬಿಲ್ಲೆಯನ್ನು ಎತ್ತಿಕೊಂಡಳು.

"ಇಲ್ಲಿ ಹೇಳಿದ್ದು ಸಾಲದು" ಎಂದಳು ಗಂಡನಿಗೆ. "ಮೇಷ್ಟ್ರ ಮನೆಗೆ ಹೋಗಿ ಹೇಳಿ. ಅವರ ಹೆಂಡತಿ ನಮ್ಮ ಬಾಗಿಲಿಗೆ ಬಂದು ನನ್ನ ಮುಖಕ್ಕೆ ಹೇಳಿ ಹೋಗಿದಾರೆ. ನೀವೂ ಅವರ ಬಾಗಿಲಿಗೆ ಹೋಗಿ ಹೇಳಿ."

ಅವನು ಏಪ್ರನ್ ಬಿಚ್ಚಿಟ್ಟು ಹೋದ. ಅಣ್ಣನ ಮುಖ ನೋಡಲಿಲ್ಲ. ಹೋಗಿ ಏನು ಹೇಳಿದನೋ, ಅವನ ಸ್ವಭಾವಕ್ಕೆ ಮೂರು ಮಾತಿಗಿಂತ ಹೆಚ್ಚು ಆಡಿರಲಾರ. ಮೇಷ್ಟ್ರು ಮಾತ್ರ ಉರಿಯುವ ಕೆನ್ನೆಯಲ್ಲೇ ಫೋಟೋಗೆ ನಿಂತರಂತೆ, ಕರ್ಚೀಫ್ ಇಲ್ಲದೆ. ಮರುವಾರ ಅವರ ಹೆಂಡತಿ ಬಂದು, ತಪ್ಪಾಯಿತು ಎಂದೇನೂ ಹೇಳದೆ, ಮುಖ ತೊಳೆಯಲು ತಮಗೂ ಒಂದು ಬಿಲ್ಲೆ ಬೇಕೆಂದು ಕೇಳಿದರು. ಲವಂಗ ಹಾಕದ್ದು, ಎಂದು ಒತ್ತಿ ಹೇಳಿದರು.

ಅವಳು ಅಟ್ಟದಿಂದ ಪಾತ್ರೆ ಇಳಿಸಿದಳು. ದರ್ಜಿ ತನ್ನ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲಿ ಬಿಲ್ಲೆಗಳಿಗೆ ಜಾಗ ಕೊಟ್ಟ. ಯಾರ ಅಜ್ಜನ ಹೆಸರೂ ಇಲ್ಲ. ಯಾರು ಮಾಡಿದ್ದು ಎಂದು ಕೇಳಿದವರಿಗೆ ದರ್ಜಿ ಬೆರಳು ಮಾಡಿ ಮನೆ ತೋರಿಸುತ್ತಾನೆ.

ಸಲೂನಿನ ಗೋಡೆಯಿಂದ ಬೋರ್ಡು ಇಳಿದಿದೆ, ಟ್ಯೂಬಿನ ಕ್ರೀಮು ಮರಳಿ ಬಂದಿದೆ. ಗಿರಾಕಿಗಳು ಕೇಳುತ್ತಲೇ ಇರುವುದರಿಂದ ಭಾವ ಮೊದಲು ಓರಗಿತ್ತಿಯನ್ನು ಕಳಿಸಿದರು, ಆಮೇಲೆ ಅತ್ತೆಯ ಬಾಯಲ್ಲಿ ಹೇಳಿಸಿದರು. ಕೊನೆಗೆ ತಮ್ಮನ ಕೈಲೂ ಹೇಳಿಸಿದರು: ಆಗಿದ್ದಾಯ್ತು, ಮನೆ ಮನೆಯೊಳಗೆ ಯಾಕೆ ಇದೆಲ್ಲ.

"ಕೊಡಲ್ಲ ಅಂದೋರ್ಯಾರು?" ಎಂದಳು ಅವಳು ಗಂಡನಿಗೆ, ಪಾಕ ತಿರುಗಿಸುವುದನ್ನು ನಿಲ್ಲಿಸದೆ. "ಅಂಗಡಿ ತುಂಬ ಜನರ ಮುಂದೆ ನನ್ನ ಮೇಲೆ ಹಾಕಿದ್ರಲ್ಲ, ಅಷ್ಟು ಜನ ಬೇಡ. ಅವರೊಬ್ಬರೇ ಬಂದು, ಇದೇ ಬಾಗಿಲಲ್ಲಿ ನಿಂತು, ಹಾಗೆ ಹೇಳಿದ್ದು ತಪ್ಪು ಅನ್ನಲಿ. ಅವತ್ತೇ ಕೊಡ್ತೀನಿ."

ಭಾವ ದಿನಾ ಬೆಳಿಗ್ಗೆ ಮೆಟ್ಟಿಲಿಳಿದು ಆ ಬಾಗಿಲ ಮುಂದಿನಿಂದಲೇ ಸಲೂನಿಗೆ ಹೋಗುತ್ತಾರೆ. ಕೆಲವು ದಿನ ಹೆಜ್ಜೆ ಅಲ್ಲಿ ಕೊಂಚ ನಿಧಾನವಾಗುತ್ತದೆ. ಅವಳು ಒಳಗಿನಿಂದ ಕಿವಿಗೊಟ್ಟು ಕೇಳುತ್ತಾಳೆ. ಆಮೇಲೆ ಹೆಜ್ಜೆ ಬೀದಿಗಿಳಿಯುತ್ತದೆ.